ಅಂತರ್ಜಾಲ ಉದ್ಯಮಿಗಳು ಸೋಲಿನಿಂದ ಕಲಿತ ಪಾಠಗಳು

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎಂದು ನಮ್ಮ ಹಿರಿಯರು ತಡವಾಗಿ ಬಂದ ಬುದ್ಧಿಯನ್ನು ಹಾಸ್ಯ ಮಾಡಿದ್ದಾರೆ. ಆದರೆ ಒಬ್ಬರು ಕೆಟ್ಟು ಕಲಿತದ್ದು ಇನ್ನೊಬ್ಬರಿಗೆ ವೇಳೆಗೆ ಸರಿಯಾಗಿ ಒದಗಬಹುದು. ನಂದಿಯ ಬೆಟ್ಟದಿಂದ ಬೆಂಗಳೂರು ಸುಮಾರು 60 ಕಿಲೋಮೀಟರು. ಪದವಿ ಮುಗಿದೊಡನೆ ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿಯ ಅಂತರ್ಜಾಲ ಸಂಸ್ಥೆಗಳ ಬಾಗಿಲಿಗೆ ಹೋಗುವವರೇ. ಕೆಲವರು ತಾವೇ ಒಂದು ನವೋದ್ಯಮವನ್ನು ತೆರೆಯಬೇಕೆಂದಿದ್ದಾರೆ. ಗೆದ್ದವರ ಕಥೆಗಳನ್ನು ನಾವು ದಿನವೂ ಓದುತ್ತೇವೆ. ಸೋತವರ ಲೆಕ್ಕವನ್ನೂ ಒಮ್ಮೆ ನೋಡುವುದು ಲೇಸು.

ಮೊದಲು ಈ ಉದ್ಯಮದ ರೀತಿಯನ್ನು ತಿಳಿಯಬೇಕು. ಸಾಮಾನ್ಯ ಅಂಗಡಿಯವನು ಸ್ವಂತ ಹಣವನ್ನೋ ಸಾಲವನ್ನೋ ಹಾಕಿ, ಬಂದ ಲಾಭದಿಂದ ಅಂಗಡಿಯನ್ನು ಬೆಳೆಸುತ್ತಾನೆ. ನವೋದ್ಯಮಿಯಾದರೋ ಕಂಪನಿಯ ಪಾಲನ್ನು ಹೂಡಿಕೆದಾರರಿಗೆ ಕೊಟ್ಟು ಬಂಡವಾಳ ತರುತ್ತಾನೆ. ಲಾಭಕ್ಕಿಂತ ಮೊದಲು ಗಿರಾಕಿಗಳ ಸಂಖ್ಯೆ ಬೆಳೆಯಬೇಕೆಂಬುದು ಇಲ್ಲಿಯ ನಿಯಮ. ಹೂಡಿಕೆದಾರನು ಹತ್ತಾರು ಕಂಪನಿಗಳಲ್ಲಿ ಹಣ ಹಾಕಿರುತ್ತಾನೆ. ಒಂದೆರಡು ಬಹಳವಾಗಿ ಗೆದ್ದರೆ ಉಳಿದವುಗಳ ನಷ್ಟ ತುಂಬಿಹೋಗುತ್ತದೆ. ಉದ್ಯಮಿಗಾದರೋ ಇರುವುದು ಒಂದೇ ಕಂಪನಿ. ಒಂದೇ ಸೋಲು ಇಬ್ಬರಿಗೂ ಒಂದೇ ತೂಕದ್ದಲ್ಲ.

ಮೊದಲನೆಯ ಪಾಠ ಕಾಲವನ್ನು ಕುರಿತದ್ದು. 1999ರಲ್ಲಿ ಕೆ. ವೈದೀಶ್ವರನ್, ವಿ. ಎಸ್. ಸುಧಾಕರ್, ಹರಿ ಮೆನನ್ ಮೊದಲಾದ ಆರು ಮಂದಿ ಬೆಂಗಳೂರಿನಲ್ಲಿ ‘ಫ್ಯಾಬ್‌ಮಾರ್ಟ್’ ಎಂಬ ಅಂತರ್ಜಾಲದ ಅಂಗಡಿಯನ್ನು ತೆರೆದರು. ಆಗ ಮನೆಯಲ್ಲಿ ಕಂಪ್ಯೂಟರು ಇದ್ದವರು ವಿರಳ, ಕ್ರೆಡಿಟ್ ಕಾರ್ಡು ಇದ್ದವರೂ ವಿರಳ. ಅವರು ಬೀದಿಯಲ್ಲಿ ನಿಜವಾದ ಅಂಗಡಿಗಳನ್ನೂ ತೆರೆಯಬೇಕಾಯಿತು. ಮುಂದೆ ಆ ಅಂಗಡಿಗಳು ಬಿರ್ಲಾ ಸಮೂಹಕ್ಕೆ ಮಾರಾಟವಾದವು. ‘ಇಂಡಿಯಾಪ್ಲಾಜಾ’ ಎಂಬ ಹೆಸರಿನಿಂದ ಉಳಿದ ಅಂತರ್ಜಾಲದ ಶಾಖೆ 2013ರಲ್ಲಿ ಮುಚ್ಚಿತು. ಮಳೆಗೆ ಬಹಳ ಮುಂಚೆ ಬಿತ್ತಿದ ಬೀಜದಂತೆ ಆ ಉದ್ಯಮವಾಯಿತು. ಆದರೆ ಆರು ಮಂದಿಯಲ್ಲಿ ಕೆಲವರು 2011ರಲ್ಲಿ ಅದೇ ದಿನಸಿಯ ವ್ಯಾಪಾರವನ್ನು ‘ಬಿಗ್‌ಬಾಸ್ಕೆಟ್’ ಎಂದು ಪುನಃ ಆರಂಭಿಸಿ ಬೆಳೆಸಿದರು. 2021ರಲ್ಲಿ ಟಾಟಾ ಸಮೂಹವು ಅದರ ಬಹುಪಾಲನ್ನು ಕೊಂಡಿತು. ವೈದೀಶ್ವರನ್ ಅವರು ತಮ್ಮ ಸೋಲನ್ನು ಕುರಿತು 2017ರಲ್ಲಿ ಒಂದು ಪುಸ್ತಕವನ್ನೇ ಬರೆದರು. ವಿಚಾರ ಸರಿಯಾಗಿದ್ದರೆ ಸಾಲದು, ಕೊಳ್ಳುವವರ ಕೈಗೆ ಸಾಧನಗಳೂ ಬಂದಿರಬೇಕು.

ಎರಡನೆಯದು ಒಂದೊಂದು ವ್ಯವಹಾರದ ಲೆಕ್ಕ. ಒಂದು ಸಾಮಾನನ್ನು ಮನೆಗೆ ಮುಟ್ಟಿಸಲು 50 ರೂಪಾಯಿ ಖರ್ಚಾಗಿ 30 ರೂಪಾಯಿ ದೊರೆಯುತ್ತದೆಂದು ಭಾವಿಸೋಣ. ನೂರು ಗಿರಾಕಿಗಳಿಂದ 2,000 ರೂಪಾಯಿ ನಷ್ಟ. ಒಂದು ಲಕ್ಷ ಗಿರಾಕಿಗಳಾದರೆ 20 ಲಕ್ಷ ರೂಪಾಯಿ ನಷ್ಟ. ಇಲ್ಲಿ ಬೆಳವಣಿಗೆಯೇ ನಷ್ಟವನ್ನು ಬೆಳೆಸುತ್ತದೆ. ವಾಟ್ಸ್‌ಆಪ್ ಸಂದೇಶಗಳಿಂದ ಆರಂಭವಾದ ಬೆಂಗಳೂರಿನ ‘ಡನ್ಜೊ’ ಸಂಸ್ಥೆಗೆ 2017ರಲ್ಲಿ ಗೂಗಲ್ಲೂ, 2022ರಲ್ಲಿ ರಿಲಯನ್ಸ್ ಸಂಸ್ಥೆಯೂ ಬಂಡವಾಳ ಕೊಟ್ಟವು. ರಿಲಯನ್ಸ್ ಕೊಟ್ಟದ್ದು 20 ಕೋಟಿ ಡಾಲರು. ನಿಮಿಷಗಳಲ್ಲಿ ದಿನಸಿ ಮುಟ್ಟಿಸುವ ಪೈಪೋಟಿಯಲ್ಲಿ ಹಣ ಬೇಗನೆ ಕರಗಿತು. 2023ರಲ್ಲಿ ನೌಕರರ ಸಂಬಳ ತಡವಾಯಿತು. 2025ರ ಜನವರಿಯಲ್ಲಿ ಸೇವೆ ನಿಂತಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ಓಡಾಡಿ ಕಳೆಯುವವನಿಗೂ ಸಲ್ಲುತ್ತದೆ.

ಮೂರನೆಯದು ಪರಾಧೀನತೆಯ ಪಾಠ. ಅಪ್ರಮೇಯ ರಾಧಾಕೃಷ್ಣ ಅವರು ಗೆಳೆಯ ರಘುನಂದನ್ ಅವರೊಡನೆ 2011ರಲ್ಲಿ ‘ಟ್ಯಾಕ್ಸಿ ಫಾರ್ ಶೂರ್’ ಕಟ್ಟಿದರು. ಎದುರಾಳಿಗಳು ಬಾಡಿಗೆಯನ್ನು ಇಳಿಸುತ್ತಲೇ ಹೋದಾಗ 2015ರಲ್ಲಿ ಅದನ್ನು ಓಲಾ ಸಂಸ್ಥೆಗೆ ಮಾರಬೇಕಾಯಿತು. ಅವರೇ 2020ರಲ್ಲಿ ಮಯಾಂಕ್ ಬಿದವಾಟ್ಕ ಅವರೊಡನೆ ‘ಕೂ’ ಎಂಬ ಸಾಮಾಜಿಕ ಜಾಲವನ್ನು ಆರಂಭಿಸಿದರು. ಅದು ಮೊದಲು ಮಾತನಾಡಿದ್ದು ಕನ್ನಡದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಜಾಹೀರಾತಿನ ಆದಾಯ ಬರುವುದಕ್ಕೆ ಮುಂಚೆ ಅಪಾರ ಜನ ಸೇರಬೇಕು. ಅಲ್ಲಿಯವರೆಗೆ ಖರ್ಚು ಹೂಡಿಕೆದಾರರ ಹಣದಿಂದಲೇ ನಡೆಯಬೇಕು. ದೊಡ್ಡ ಸಂಸ್ಥೆಗಳೊಡನೆ ನಡೆದ ಮಾತುಕತೆಗಳು ಫಲಿಸಲಿಲ್ಲವೆಂದು ತಿಳಿಸಿ 2024ರ ಜುಲೈನಲ್ಲಿ ಸಂಸ್ಥಾಪಕರು ಅದನ್ನು ಮುಚ್ಚಿದರು. ಮುಂದಿನ ಕಂತಿನ ಮೇಲೆ ಬದುಕುವ ಉದ್ಯಮದ ಆಯುಸ್ಸು ಪರರ ಕೈಯಲ್ಲಿರುತ್ತದೆ.

ನಾಲ್ಕನೆಯ ಪಾಠ ನಮ್ಮ ನೆಲಕ್ಕೇ ಸಂಬಂಧಿಸಿದೆ. ರೇಷ್ಮೆಹುಳು ಗೂಡು ಕಟ್ಟಿದ ಮೇಲೆ ಬೆಳೆಗಾರನು ಕಾಯುವಂತಿಲ್ಲ. ತಡವಾದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಆ ಗೂಡಿನಿಂದ ಎಳೆ ಬಿಚ್ಚಲಾಗದು. ಆದ್ದರಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವನಿಗೆ ಬೇಕಾದದ್ದು ಅಂದಿನ ಬೆಲೆ ಮತ್ತು ಕೂಡಲೇ ಹಣ. ಅತ್ತ ನೂಲು, ಸೀರೆಗಳ ವ್ಯಾಪಾರದಲ್ಲಿ ಉದ್ರಿಯೇ ಹೆಚ್ಚು. ಈ ಎರಡು ದಡಗಳ ನಡುವೆ ನಿಂತವನ ಬಂಡವಾಳ ಸದಾ ಸಿಕ್ಕಿಬಿದ್ದಿರುತ್ತದೆ. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ರೇಷಾಮಂಡಿ’ ಬೆಳೆಗಾರ, ರೀಲರು, ನೇಕಾರರನ್ನು ಒಂದೇ ಜಾಲದಲ್ಲಿ ಸೇರಿಸಲು ಹೊರಟು ಕೋಟ್ಯಂತರ ರೂಪಾಯಿ ಬಂಡವಾಳ ಪಡೆಯಿತು. 2023ರಲ್ಲಿ ಹೊಸ ಬಂಡವಾಳ ದೊರೆಯದೆ ಬಹುಪಾಲು ನೌಕರರನ್ನು ಬಿಡಬೇಕಾಯಿತು. ಮರುವರ್ಷ ಅದರ ಜಾಲತಾಣವೂ ನಿಂತಿತು. ಮೊಬೈಲಿನಿಂದ ಬೆಲೆ ತಿಳಿಯಬಹುದು, ತೂಕ ತಿಳಿಯಬಹುದು. ಆದರೆ ಉದ್ರಿಯ ಹಣ ಅದರಿಂದ ಬೇಗ ಬಾರದು.

ಈ ಎಲ್ಲ ಸೋಲುಗಳಿಗೆ ಇನ್ನೊಂದು ಮುಖವಿದೆ. ಸಂಸ್ಥಾಪಕರಲ್ಲಿ ಕೆಲವರು ಮತ್ತೆ ಎದ್ದು ನಿಂತರು. ಅವರಿಗೆ ಒಳ್ಳೆಯ ವಿದ್ಯಾಭ್ಯಾಸ, ಉದ್ಯೋಗದ ಅನುಭವ, ನಂಬುವ ಗೆಳೆಯರು ಇದ್ದರು. ಕಂಪನಿ ಮುಚ್ಚಿದರೆ ಹೂಡಿಕೆದಾರನಿಗೆ ಹೋಗುವುದು ಹೂಡಿದಷ್ಟು ಹಣ. ಸಂಬಳ ಬಾರದ ನೌಕರನಿಗೆ ಹೋಗುವುದು ಮನೆಯ ಬಾಡಿಗೆ. ಅಪ್ಪನ ಎರಡು ಎಕರೆಯನ್ನು ಅಡವಿಟ್ಟು ತಂದ ಸಾಲ ಮುಳುಗಿದರೆ ಹೋಗುವುದು ಹೊಲ. “ಸೋಲೇ ಗೆಲುವಿನ ಸೋಪಾನ” ಎಂದು ವೇದಿಕೆಯಲ್ಲಿ ಹೇಳುವುದು ಸುಲಭ; ಆದರೆ ಮನೆಗೆ ಮೊದಲ ಪದವೀಧರನಾದವನಿಗೆ ಆ ಸೋಪಾನದ ಮೊದಲನೆಯ ಮೆಟ್ಟಿಲೇ ಎತ್ತರ.

ಹಾಗೆಂದು ಸಾಹಸವನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಫ್ಯಾಬ್‌ಮಾರ್ಟಿನ ಸೋಲಿಲ್ಲದೆ ಬಿಗ್‌ಬಾಸ್ಕೆಟಿನ ಜಾಣ್ಮೆ ಬರುತ್ತಿರಲಿಲ್ಲವೇನೋ. ಆದರೆ ಉದ್ಯಮಕ್ಕೆ ಕೈಹಾಕುವ ಮಿತ್ರರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಗಿರಾಕಿ ಸಿದ್ಧನಾಗಿದ್ದಾನೆಯೆ? ಒಂದು ವ್ಯವಹಾರದಲ್ಲಿ ಉಳಿಯುವುದೆಷ್ಟು? ಹೊರಗಿನ ಹಣ ನಿಂತರೆ ಎಷ್ಟು ತಿಂಗಳು ನಡೆಯುತ್ತದೆ? ಸೋತರೆ ತೆರುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ‘ಮನೆಯವರು’ ಎಂದಾದರೆ ಚಿಕ್ಕದಾಗಿ ಆರಂಭಿಸುವುದೇ ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಹೇಡಿತನವಲ್ಲ. ಎರಡನೆಯ ಸಲ ಪ್ರಯತ್ನಿಸಲು ಬೇಕಾದಷ್ಟನ್ನು ಉಳಿಸಿಕೊಳ್ಳುವ ವಿವೇಕ ಅದು.