ಬಿಸಿ ಮುದ್ದೆ ಅಮ್ಮನಿಗೂ ಸಿಗಲಿ



ಧನುರ್ಮಾಸದ ಚಳಿಯಲ್ಲಿ ಬಿಸಿ ರಾಗಿ ಮುದ್ದೆ, ಅವರೆಕಾಳು ಸಾರು, ಹುರಿದ ಕಡ್ಲೆಕಾಯಿ ಅಂದರೆ ನಮ್ಮ ದುರ್ಗದ ಸೀಮೆಗೆ ಹಬ್ಬ ಇದ್ದಂಗೆ. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಗೆ ಸಿಗೋದು ಆರಿದ ಮುದ್ದೆ, ಕಾಳಿಲ್ಲದ ಸಾರು. ರಕ್ತಹೀನತೆ ಹೆಚ್ಚು ಕಾಡುವುದು ಹೆಂಗಸರನ್ನೇ. ಕಾಳಿನ ಪೌಷ್ಟಿಕಾಂಶ ಅವಳಿಗೂ ಬೇಕಲ್ಲವೇ? ಪಾತ್ರೆ ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಬೇಕಾದವರು ತಾವೇ ಬಡಿಸಿಕೊಳ್ಳಲಿ.

ಊಟವಾದ ಮೇಲೆ ಟಿ.ವಿ. ಆರಿಸಿ, ಕಂಬಳಿ ಹೊದ್ದು ಅರ್ಧ ಗಂಟೆ ಪುಸ್ತಕ ಹಿಡಿಯಿರಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ತಂದಿತು. ಮಗಳು ತಂದ ಪುಸ್ತಕವನ್ನು ಅವಳಿಂದಲೇ ಓದಿಸಿ. ಅಕ್ಷರ ಬಾರದ ಅಜ್ಜಿಗೂ ಕಥೆ ಸಿಗುತ್ತದೆ.

ಮುಂದಿನ ವಾರದ ಸಂಘದ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ಅಕ್ಕಾ, ನಿನ್ನೆ ರಾತ್ರಿ ನೀನು ಬಿಸಿ ಮುದ್ದೆ ಉಂಡೆಯಾ?