ಹಡಪದೊಳಗಿನ ಕತ್ತಿ

ಕಳೆದ ಸಲ ಬಳಗ ಸೇರಿದಾಗ ಯಾರೋ ಕೇಳಿದರು: "ನೀವು ಮೂವರೂ ಆಗಾಗ ಒಟ್ಟಿಗೆ ಎಲ್ಲಿ ಮಾಯವಾಗುತ್ತೀರಿ?" ಹಳೆಯ ಕ್ಷೌರದ ಕತ್ತಿ ಹುಡುಕಲು ಎಂದೆವು. ಎಲ್ಲರೂ ನಕ್ಕರು. ನಕ್ಕವರಿಗಾಗಿಯೇ ಈ ಬರಹ.

ನಮ್ಮಲ್ಲಿ ಒಬ್ಬರು ಡಾಲಸ್, ಒಬ್ಬರು ಹ್ಯೂಸ್ಟನ್, ಒಬ್ಬರು ಆಸ್ಟಿನ್. ಮೂವರದ್ದೂ ಸಾಫ್ಟ್‌ವೇರ್ ಕೆಲಸ. ದಿನವಿಡೀ ಕೈಗೆ ಸಿಗದ್ದನ್ನು ರಿಪೇರಿ ಮಾಡುವವರು. ಕೈಗೆ ಸಿಗುವಂಥದ್ದೊಂದನ್ನು ರಿಪೇರಿ ಮಾಡೋಣವೆಂಬ ಆಸೆಯಿಂದ ಹುಟ್ಟಿದ ಹುಚ್ಚು ಇದು. ಡಾಲಸ್‌ನಿಂದ ಪೂರ್ವಕ್ಕೆ ಸುಮಾರು 60 ಮೈಲಿ ಹೋದರೆ ಕ್ಯಾಂಟನ್. 1850ರ ದಶಕದಲ್ಲಿ ನ್ಯಾಯಾಧೀಶರು ತಿಂಗಳ ಮೊದಲ ಸೋಮವಾರ ಕೋರ್ಟು ನಡೆಸಲು ಬರುತ್ತಿದ್ದಾಗ ನೆರೆದ ಜನ ಹೂಡಿದ ಸಂತೆ ಇಂದಿಗೂ ನಿಂತಿಲ್ಲ. ಈಗ ಆ ಸೋಮವಾರಕ್ಕೆ ಮೊದಲಿನ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಹ್ಯೂಸ್ಟನ್ ಮತ್ತು ಆಸ್ಟಿನ್ ನಡುವಿನ ರೌಂಡ್ ಟಾಪ್‌ನಲ್ಲಿ ಎಮ್ಮಾ ಲೀ ಟರ್ನಿ 1968ರಲ್ಲಿ ಆರಂಭಿಸಿದ ಹಳೆಯ ವಸ್ತುಗಳ ಮೇಳ ಇನ್ನೊಂದು. ತುಕ್ಕು ಹಿಡಿದ ಚಮಚಗಳ ರಾಶಿಯಲ್ಲಿ ಕತ್ತಿ ಕಾಣಿಸಿತೆಂದರೆ ಆ ದಿನ ನಮಗೆ ಹಬ್ಬ.

ಕತ್ತಿಯ ವಯಸ್ಸು ಹೇಳುವುದು ಶಾಸನ ಓದಿದಂತೆ. ಹಿಡಿಯೊಳಗೆ ಸೇರುವ ಉಕ್ಕಿನ ಬಾಲದ ಮೇಲೆ ಮುದ್ರೆ ಇರುತ್ತದೆ. ವಿ.ಆರ್. ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರ ನಂತರ; ಡಬ್ಲ್ಯು.ಆರ್. ಎಂದರೆ ಅದಕ್ಕೂ ಹಿಂದಿನ ನಾಲ್ಕನೆಯ ವಿಲಿಯಂ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1890ರ ಮೆಕಿನ್ಲಿ ಕಾಯಿದೆ ವಿಧಿಸಿತು. ಹಾಗಾಗಿ ಇಲ್ಲಿ ಸಿಕ್ಕ ಕತ್ತಿಯ ಮೇಲೆ ಇಂಗ್ಲೆಂಡ್ ಅಥವಾ ಜರ್ಮನಿ ಎಂದಿದ್ದರೆ ಅದು ಸಾಮಾನ್ಯವಾಗಿ 1891ರಿಂದ ಈಚಿನದು. ಶೆಫೀಲ್ಡ್ ಮತ್ತು ಝೋಲಿಂಗನ್, ಇವೆರಡೇ ದೊಡ್ಡ ತವರುಗಳು.

ಶೆಫೀಲ್ಡಿನ ಕೆಲವು ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂದು ಬರೆದಿರುತ್ತದೆ. ಇದರ ಹಿಂದೆ ನಮ್ಮ ನಾಡಿನ ನೆರಳಿದೆ. ದಕ್ಷಿಣ ಭಾರತದ ಉಕ್ಕು 18ನೆಯ ಶತಮಾನದ ಕೊನೆಗೆ ಲಂಡನ್ನಿನ ವಿಜ್ಞಾನಿಗಳ ಕೈ ಸೇರಿ 'ವುಟ್ಜ್' ಎಂದು ಹೆಸರಾಯಿತು. ಆ ಪದ ನಮ್ಮ 'ಉಕ್ಕು' ಎಂಬುದರ ಅಪಭ್ರಂಶವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅದರ ಗುಟ್ಟು ತಿಳಿಯಲೆಂದು ಮೈಕೆಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೋಡಾರ್ಟ್ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. 500 ಪಾಲು ಉಕ್ಕಿಗೆ 1 ಪಾಲು ಬೆಳ್ಳಿ, ಅವರ ಹದಗಳಲ್ಲೊಂದು. ಫ್ಯಾರಡೆ ತನ್ನ ಮಿಶ್ರಲೋಹದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ. ಆಮೇಲೆ ಬೆಳ್ಳಿ ಇರಲಿ ಬಿಡಲಿ, ವ್ಯಾಪಾರಿಗಳಿಗೆ ಹೆಸರು ಮಾತ್ರ ಬೇಕಾಯಿತು.

ಇನ್ನು ರಿಪೇರಿ. ಮೊದಲು ಹಿಡಿಯ ಮೊಳೆ ಬಿಡಿಸಿ ಅಲಗನ್ನು ಬೇರೆ ಮಾಡಬೇಕು. ಹಿಡಿ ಕೊಂಬಿನದಾದರೆ ಎಣ್ಣೆ ಉಣಿಸಬೇಕು. ಸೆಲ್ಯುಲಾಯಿಡ್‌ನದಾದರೆ ಎಚ್ಚರ: ಅದು ಹಳತಾಗಿ ಕೊಳೆಯತೊಡಗಿದರೆ ಹೊರಬೀಳುವ ಆಮ್ಲದ ಆವಿ ಪಕ್ಕದ ಕತ್ತಿಗಳಿಗೂ ತುಕ್ಕು ಹಿಡಿಸುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಹ್ಯೂಸ್ಟನ್ನಿನ ತೇವವೇ ನಮಗೆ ಸಾಕು! ತುಕ್ಕನ್ನು ಎಣ್ಣೆ ಹಾಕಿ, ಒರಟು ಉಪ್ಪುಕಾಗದದಿಂದ ನಯದ್ದಕ್ಕೆ ಹೋಗುತ್ತ, ಕೈಯಲ್ಲೇ ಉಜ್ಜಬೇಕು. ಆತುರಕ್ಕೆ ಬಿದ್ದು ನಾವೊಮ್ಮೆ ಮೋಟಾರು ಚಕ್ರಕ್ಕೆ ಹಿಡಿದೆವು. ಅಲಗು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನೀಲಿಗಟ್ಟಿತು, ಉಕ್ಕಿನ ಹದ ಹೋಯಿತು. ನೂರು ವರ್ಷ ದಾಟಿ ಬಂದದ್ದನ್ನು ನಾವು ಅರ್ಧ ನಿಮಿಷದಲ್ಲಿ ಕೊಂದೆವು. ಕಂಪ್ಯೂಟರಿನಲ್ಲಾದರೆ ಹಿಂದಿನ ಪ್ರತಿಗೆ ಮರಳಬಹುದು. ಉಕ್ಕಿಗೆ ಆ ಸೌಲಭ್ಯವಿಲ್ಲ.

ಕೊನೆಗೆ ಸಾಣೆ. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಮಲಗಿಸಿ ಎಳೆಯಬೇಕು. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. 1000 ನಂಬರಿನ ಕಲ್ಲು, ಆಮೇಲೆ 4000, 8000, ಬಳಿಕ ತೊಗಲಿನ ಪಟ್ಟಿ.

ನಮ್ಮ ಊರುಗಳಲ್ಲಿ ಇದನ್ನೆಲ್ಲ ಒಂದೇ ಕಲ್ಲು, ಒಂದು ತೊಗಲಿನ ತುಂಡಿನಲ್ಲಿ ಮುಗಿಸುತ್ತಿದ್ದವರು ಇದ್ದರು. ಬಗಲಲ್ಲಿ ಹಡಪ ಇಟ್ಟುಕೊಂಡು ಬಂದು ಹಿತ್ತಿಲಲ್ಲೇ ಕೂರುತ್ತಿದ್ದರು, ಜಗಲಿ ಹತ್ತುತ್ತಿರಲಿಲ್ಲ. ಸುಗ್ಗಿಯಲ್ಲಿ ಕೊಡುವ ಆಯವೇ ಅವರ ಸಂಬಳ. ತಾತನ ವಯಸ್ಸಿನವರನ್ನು ನಾವು ಹುಡುಗರು 'ಬಾರೋ, ಹೋಗೋ' ಎನ್ನುತ್ತಿದ್ದೆವು. ವಚನಕಾರ ಹಡಪದ ಅಪ್ಪಣ್ಣನನ್ನು ಪುಸ್ತಕದಲ್ಲಿ ಓದಿ ಮೆಚ್ಚಿದವರೂ ನಾವೇ.

ಈಚೆಗೆ ಊರಿಗೆ ಹೋದಾಗ ನಮ್ಮಲ್ಲೊಬ್ಬರು ಹಸನು ಮಾಡಿದ ಶೆಫೀಲ್ಡ್ ಕತ್ತಿಯೊಂದನ್ನು ಸೂಟ್‌ಕೇಸಿನಲ್ಲಿ ಒಯ್ದಿದ್ದರು. ಆ ಹಿರಿಯರು ಈಗಲೂ ಇದ್ದಾರೆ. ಮಗನ ಸೆಲೂನಿನಲ್ಲಿ ಎಲ್ಲ ಬಿಸಾಡುವ ಬ್ಲೇಡು. ಅವರ ಹಳೆಯ ಕತ್ತಿಯನ್ನು ಕೊಳ್ಳುತ್ತೇವೆಂದರೆ ಕೊಡಲಿಲ್ಲ. "ನೀವು ಇದನ್ನು ನೋಡಿ ಹೇಳಬೇಕು" ಎಂದು ನಮ್ಮದನ್ನು ಕೈಗಿತ್ತಾಗ ಹೆಬ್ಬೆರಳನ್ನು ಬಾಯಿಗೆ ಅಡ್ಡಲಾಗಿ ಸವರಿ, "ಹೊಳಪು ಬಂದದೆ ಸ್ವಾಮಿ, ಹರಿತ ಬಂದಿಲ್ಲ" ಎಂದರಂತೆ.

ಹಡಪದಿಂದ ತಮ್ಮ ಕಲ್ಲು ತೆಗೆದು, ನೀರು ಚಿಮುಕಿಸಿ, ಹತ್ತೇ ಹತ್ತು ಸಲ ಎಳೆದುಕೊಟ್ಟರು. ನಮ್ಮ ಸಂಗ್ರಹದಲ್ಲಿ ಈಗ ನಿಜವಾಗಿ ಹರಿತವಿರುವುದು ಅದೊಂದೇ.