ದುಪ್ಪಟ್ಟು ಎಂದರೆ ಎಷ್ಟು?

ನಮ್ಮ ಪತ್ರಿಕೆಯ ಡೆಸ್ಕಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಬ್ರಿಟನ್ನಿನ ಗರ್ಭನಿರೋಧಕ ಮಾತ್ರೆಯ ಕಥೆ.

1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆಯೊಂದನ್ನು ಕೊಟ್ಟಿತು: ಹೊಸ ಬಗೆಯ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯವಕ್ಕಿಂತ ದುಪ್ಪಟ್ಟು. ಸುದ್ದಿ ಊರೆಲ್ಲ ಹಬ್ಬಿತು. ಹೆದರಿದ ಎಷ್ಟೋ ಹೆಂಗಸರು ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂಬ ಅಂದಾಜಿದೆ. ಲೆಕ್ಕ ಬಿಡಿಸಿ ನೋಡಿದರೆ, ಹಳೆಯ ಮಾತ್ರೆ ನುಂಗುವ 7,000 ಮಂದಿಯಲ್ಲಿ ಒಬ್ಬರಿಗೆ ಬರುತ್ತಿದ್ದ ತೊಂದರೆ ಹೊಸದರಲ್ಲಿ ಇಬ್ಬರಿಗೆ ಬರುತ್ತಿತ್ತು, ಅಷ್ಟೇ. ಬಸುರಿಯಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯದಕ್ಕಿಂತ ಹೆಚ್ಚು. ದುಪ್ಪಟ್ಟು ಎಂಬುದು ಸುಳ್ಳಲ್ಲ. ಎಷ್ಟರಲ್ಲಿ ಎಷ್ಟು ಎಂಬುದು ಮಾತ್ರ ಜನರ ಮನಸ್ಸಿಗೆ ತಲುಪಲಿಲ್ಲ.

2015ರಲ್ಲೂ ಹೀಗೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೇಕನ್, ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿಗೇ ಸೇರಿಸಿತು. ಎರಡೂ ಸಮಾನ ಅಪಾಯಕಾರಿ ಎಂಬಂತೆ ಸುದ್ದಿಗಳು ಬಂದವು. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಏರುತ್ತದೆ ಎಂದು ಆ ವಿಭಾಗ ಹೇಳಿತ್ತು. ಬ್ರಿಟನ್ನಿನ ಲೆಕ್ಕದಲ್ಲಿ ಅದು ಜೀವಮಾನದಲ್ಲಿ 100ಕ್ಕೆ ಸುಮಾರು 6 ಮಂದಿ ಇದ್ದದ್ದು 7 ಆಗುವಷ್ಟು.

ಆದ್ದರಿಂದ ಶೇಕಡಾವಾರು ಕಂಡ ಕೂಡಲೇ ಮೂಲ ಸಂಖ್ಯೆ ಹುಡುಕಬೇಕು. ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಎಷ್ಟು ಕಾಲ, ಹಣ ಯಾರದು ಎಂಬುದನ್ನು ಬರೆಯಬೇಕು. ಎರಡು ಸಂಗತಿ ಒಟ್ಟಿಗೆ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಾರದು. ವರದಿ ಸರಿಯಿದ್ದು ತಲೆಬರಹ ತಪ್ಪಿದರೂ ಸುದ್ದಿ ತಪ್ಪಿದಂತೆಯೇ.

ಇಷ್ಟೆಲ್ಲ ಕೇಳಲು ವರದಿಗಾರನಿಗೆ ಸಿಗುವುದು ಪುಟ ಮುಗಿಸುವ ಮುಂಚಿನ ಒಂದೆರಡು ಗಂಟೆ. ಅಷ್ಟರೊಳಗೆ ಉತ್ತರಿಸುವ ತಜ್ಞರು ಬೇಕು. ಲಂಡನ್ನಿನಲ್ಲಿ 2002ರಲ್ಲಿ ಶುರುವಾದ ಸೈನ್ಸ್ ಮೀಡಿಯಾ ಸೆಂಟರ್ ಮಾಡುವ ಕೆಲಸ ಇದೇ: ದೊಡ್ಡ ಸುದ್ದಿ ಬಂದೊಡನೆ ಆ ವಿಷಯ ಬಲ್ಲ ವಿಜ್ಞಾನಿಗಳ ಮಾತನ್ನು ಪತ್ರಕರ್ತರಿಗೆ ತಲುಪಿಸುವುದು.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ನಿಮ್ಹಾನ್ಸ್ ಇದೆ. ಅಲ್ಲಿ ಕನ್ನಡ ಬಲ್ಲ ವಿಜ್ಞಾನಿಗಳೂ ವೈದ್ಯರೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ: ಸಂಜೆ ಕನ್ನಡ ಪತ್ರಿಕೆಯಿಂದ ಫೋನ್ ಬಂದರೆ ದಯವಿಟ್ಟು ಎತ್ತಿಕೊಳ್ಳಿ. ನೀವು ಕೊಡುವ ಹತ್ತು ನಿಮಿಷ ಮರುದಿನ ಸಾವಿರಾರು ಮನೆಗಳ ಭಯವನ್ನು ತಪ್ಪಿಸಬಲ್ಲದು.